ಕೆಸರು ಬಣ್ಣದ ಸಮುದ್ರ

ಸಿದ್ದಗಂಗಮ್ಮನವರ ಸಿಟ್ಟು ತುಮಕೂರು ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಬ್ಬಿ, ಕುಣಿಗಲ್ ರೂಟುಗಳಲ್ಲಿ ಕಾಲೇಜು ಹುಡುಗರು ಫುಟ್‌ಬೋರ್ಡಿಗೆ ಜೋತುಬಿದ್ದರೆ ಅವರು ಸೀಟಿ ಊದಿ ಬಸ್ಸು ನಿಲ್ಲಿಸಿಬಿಡುತ್ತಿದ್ದರು. ಕೊನೆಯ ಹುಡುಗ ಒಳಗೆ ಬರುವವರೆಗೂ ಎರಡನೇ ಸೀಟಿ ಇಲ್ಲ. ಡ್ರೈವರ್ ಗೊಣಗಿದರೂ ಅಷ್ಟೇ, ಹಿಂದಿನ ಗಾಡಿಯವರು ಹಾರನ್ ಹೊಡೆದರೂ ಅಷ್ಟೇ. "ನಿಮ್ಮಪ್ಪನ ಮನೆ ಮುಂದೆ ನಿಮ್ಮ ಹೆಣ ಇಳಿಸೋ ಕೆಲಸ ನಂದಲ್ಲ ಕಣ್ರೋ" ಅನ್ನುತ್ತಿದ್ದರು. ಅವರು ಕಂಡಕ್ಟರ್ ಆಗಿದ್ದಷ್ಟು ವರ್ಷವೂ ಅವರ ಬಸ್ಸಿನಿಂದ ಒಬ್ಬರೂ ಕೆಳಗೆ ಬೀಳಲಿಲ್ಲ.

ರಿಟೈರ್ ಆದ ಮೇಲೆ ಆ ಸಿಟ್ಟನ್ನು ಇಡುವುದಕ್ಕೆ ಜಾಗ ಇಲ್ಲದಂತಾಯಿತು. ಬಟವಾಡಿಯ ಮನೆಯಲ್ಲಿ ಅವರೂ ಗಂಡ ಷಡಕ್ಷರಿಯೂ ಇಬ್ಬರೇ. ಷಡಕ್ಷರಿ ಹಿರೇಹಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ವೆಲ್ಡಿಂಗ್ ಕೆಲಸಕ್ಕೆ ಇನ್ನೂ ಹೋಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಅವರ ಹತ್ತಿರ ಜಗಳ ಮಾಡಿದರೆ ಗೋಡೆ ಹತ್ತಿರ ಮಾಡಿದ ಹಾಗೆ.

ಹೀಗಿರುವಾಗ ಒಂದು ಭಾನುವಾರ ಸಿದ್ದಗಂಗಮ್ಮ ನೆಂಟರ ಗೃಹಪ್ರವೇಶಕ್ಕೆಂದು ಕುಣಿಗಲ್ ಬಸ್ ಹತ್ತಿದರು. ಪ್ಯಾಸೆಂಜರ್ ಆಗಿ, ಕಿಟಕಿ ಪಕ್ಕ. ಊರು ಹತ್ತಿರ ಬಂದಾಗ ಕೆರೆ ಕಂಡಿತು. ನೀರು ಬೆಳಗಿನ ಬಿಸಿಲಿಗೆ ಬೆಳ್ಳಗೆ ಹಾಸಿಕೊಂಡಿತ್ತು, ಆಚೆ ದಡದ ಮರಗಳು ನೀರಿನೊಳಗೆ ತಲೆಕೆಳಗಾಗಿ ನಿಂತಿದ್ದವು. ಈ ರಸ್ತೆಯಲ್ಲಿ ಅವರು ಎಷ್ಟು ಸಾವಿರ ಸಲ ಓಡಾಡಿದ್ದರೋ. ಆದರೆ ಕಂಡಕ್ಟರ್‌ಗೆ ಕಿಟಕಿ ಇರುವುದಿಲ್ಲ. ಅವರಿಗೆ ಕಾಣುವುದು ಚಾಚಿದ ಕೈಗಳು, ಕಂಬಿ, ಇನ್ನೂ ಟಿಕೆಟ್ ತೆಗೆಯದೆ ನಿದ್ದೆ ನಟಿಸುವ ಮುಖಗಳು. ಕೆರೆ ಅಲ್ಲೇ ಇತ್ತು. ಅವರು ಬೆನ್ನು ಹಾಕಿಕೊಂಡು ನಿಂತಿದ್ದರು.

ಯಾರ ಮೇಲೆ ಎಂದು ಗೊತ್ತಿಲ್ಲದ ಒಂದು ಸಿಟ್ಟು ಎದೆಯೊಳಗೆ ಎದ್ದಿತು. ಅವರು ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡೇ ಕೆರೆ ಹತ್ತಿರಕ್ಕೆ ವಾಪಸ್ ಬಂದರು. ಅಲ್ಲಿ ಏಳೆಂಟು ಜನ ಸ್ಟ್ಯಾಂಡುಗಳ ಮೇಲೆ ಕ್ಯಾನ್ವಾಸ್ ಇಟ್ಟುಕೊಂಡು ಕೆರೆಯನ್ನು ಬಿಡಿಸುತ್ತಿದ್ದರು. ಅವರ ಮಧ್ಯೆ ಹ್ಯಾಟು ಹಾಕಿಕೊಂಡ, ನಲವತ್ತರ ಆಸುಪಾಸಿನ ಒಬ್ಬಾತ ಓಡಾಡುತ್ತಿದ್ದ. ಅಭಿರಾಮ್ ಅಂತ, ಬೆಂಗಳೂರಿನಲ್ಲಿ ಚಿತ್ರಕಲೆ ಓದಿಕೊಂಡು ಬಂದು ತುಮಕೂರಿನಲ್ಲಿ ಕ್ಲಾಸ್ ನಡೆಸುತ್ತಿದ್ದವನು. ಭಾನುವಾರ ಹೊರಗಡೆ ಬಂದು ಬಿಡಿಸುವುದು.

"ಇದು ಯಾರು ಬೇಕಾದ್ರೂ ಕಲೀಬಹುದಾ?" ಎಂದು ಸಿದ್ದಗಂಗಮ್ಮ ಕೇಳಿದರು.

"ಖಂಡಿತ ಆಂಟಿ. ನಿಮ್ಮಂಥವರಿಗೆ ಒಳ್ಳೆ ಟೈಂಪಾಸ್" ಎಂದ ಅಭಿರಾಮ್.

ಆಂಟಿ ಅನ್ನುವುದೂ ಟೈಂಪಾಸ್ ಅನ್ನುವುದೂ ಎರಡೂ ಅವರಿಗೆ ಚುಚ್ಚಿದವು. ಆದರೆ ಆ ಕೆರೆಯ ಮುಂದೆ ಅವರು ಅದನ್ನು ನುಂಗಿಕೊಂಡರು. ಗೃಹಪ್ರವೇಶದ ಊಟ ತಪ್ಪಿತು.

ಕಲಿಯುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಅಕ್ರಿಲಿಕ್ ಬಣ್ಣಕ್ಕೆ ತಾಳ್ಮೆ ಇಲ್ಲ. ಕುಣಿಗಲ್ ಕೆರೆಯ ಮೇಲಿನ ಬಿಸಿಗಾಳಿಗೆ ತಟ್ಟೆಯಲ್ಲಿ ಹಿಂಡಿದ ಬಣ್ಣ ಬ್ರಷ್ ತಾಗುವ ಮೊದಲೇ ಗಟ್ಟಿಯಾಗುತ್ತಿತ್ತು. ಒಂದು ಮರ ಬಿಡಿಸಿ ತಲೆ ಎತ್ತುವಷ್ಟರಲ್ಲಿ ನೆರಳು ಬೇರೆ ಕಡೆ ಹೋಗಿರುತ್ತಿತ್ತು. ಹಸಿಯಾಗಿದ್ದಾಗ ಸರಿ ಕಂಡ ಹಸಿರು ಒಣಗಿದ ಮೇಲೆ ಕಪ್ಪಗಾಗುತ್ತಿತ್ತು. "ಥೂ, ಇದರ ಮನೆ ಹಾಳಾಗ" ಎಂದು ಅವರು ಬಣ್ಣಕ್ಕೇ ಬಯ್ಯುತ್ತಿದ್ದರು. ಪಕ್ಕದಲ್ಲಿ ಬಿಡಿಸುತ್ತಿದ್ದ ಪಲ್ಲವಿ ಎಂಬ ಹುಡುಗಿ ನಗುತ್ತಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಬೇಕೆಂದು ಕಾಯುತ್ತಿದ್ದ ಹುಡುಗಿ ಅವಳು. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕಾಗದ ಇಟ್ಟು ಬಣ್ಣ ಹಿಂಡಿದರೆ ಬೇಗ ಒಣಗುವುದಿಲ್ಲ ಎಂದು ಹೇಳಿಕೊಟ್ಟವಳು ಅವಳೇ. ಕಣ್ಣು ಅರ್ಧ ಮುಚ್ಚಿಕೊಂಡು ನೋಡಿದರೆ ಎಲೆ ಕೊಂಬೆ ಎಲ್ಲ ಹೋಗಿ ಬರೀ ಕತ್ತಲು ಬೆಳಕು ಉಳಿಯುತ್ತದೆ, ಮೊದಲು ಕತ್ತಲು ಬಳಿದುಕೊಳ್ಳಿ ಎಂದು ತೋರಿಸಿದವನು ಮಾತ್ರ ಅಭಿರಾಮ್. ಕಲಿಸುವುದು ಅವನಿಗೆ ಬರುತ್ತಿತ್ತು, ಅದನ್ನು ಸಿದ್ದಗಂಗಮ್ಮ ಯಾವತ್ತೂ ಇಲ್ಲ ಅನ್ನಲಿಲ್ಲ.

ಒಂದು ದಿನ ವರ್ಕ್‌ಶಾಪಿನಿಂದ ಬರುವಾಗ ಷಡಕ್ಷರಿ ಉಳಿದ ಕಬ್ಬಿಣದ ಪೈಪಿನಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮಾಡಿಕೊಂಡು ಬಂದರು.

"ಇದನ್ನ ಹೊತ್ಕೊಂಡು ನಾನು ಕುಣಿಗಲ್‌ವರ್ಗೂ ಹೋಗ್ಬೇಕಾ?" ಎಂದು ಸಿದ್ದಗಂಗಮ್ಮ ರೇಗಿದರು.

"ಗಾಳಿಗೆ ಬೀಳಲ್ಲ" ಎಂದರು ಷಡಕ್ಷರಿ. ಅಷ್ಟೇ.

ಅದೇ ವರ್ಷ ದಸರಾ ರಜೆಗೆ ಅಭಿರಾಮ್ ಕರಾವಳಿಗೆ ಕ್ಯಾಂಪ್ ಹಾಕಿದ. ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಜಾಗದಲ್ಲಿ ಐದು ದಿನ. ಸಿದ್ದಗಂಗಮ್ಮ ಸಮುದ್ರ ನೋಡಿದ್ದು ಅದಕ್ಕೂ ಮುಂಚೆ ಒಂದೇ ಸಲ, ಮುರುಡೇಶ್ವರದ ಟೂರಿನಲ್ಲಿ, ಅದೂ ನೂಕುನುಗ್ಗಲಿನಲ್ಲಿ. ಈಗ ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಮರಳಿನ ಮೇಲೆ ನಿಂತು ಕಣ್ತುಂಬ ನೋಡಿದರು.

ಅಲ್ಲಿಯ ಗಾಳಿ ಬೇರೆ, ಬೆಳಕು ಬೇರೆ. ಸೆಕೆಗೆ ಸೀರೆ ಮೈಗೆ ಅಂಟುತ್ತಿತ್ತು. ಆದರೆ ಬೆಳಗಿನ ಹೊತ್ತು ಆ ತೇವಕ್ಕೆ ಬಣ್ಣ ತಟ್ಟೆಯಲ್ಲಿ ಹಸಿಯಾಗೇ ಉಳಿಯುತ್ತಿತ್ತು, ಒಂದರೊಳಗೊಂದು ಮೆತ್ತಗೆ ಬೆರೆಯುತ್ತಿತ್ತು. ಮರಳು ಹಾರಿ ಹಸಿ ಕ್ಯಾನ್ವಾಸಿಗೆ ಅಂಟಿಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಜೋರಾಗಿ, ಉಳಿದವರ ಅಲ್ಯೂಮಿನಿಯಂ ಸ್ಟ್ಯಾಂಡುಗಳು ಒಂದಾದ ಮೇಲೊಂದು ಮಗುಚಿ ಬಿದ್ದವು. ಷಡಕ್ಷರಿಯ ಕಬ್ಬಿಣದ ಸ್ಟ್ಯಾಂಡ್ ಅಲುಗಾಡಲಿಲ್ಲ. ಸಿದ್ದಗಂಗಮ್ಮ ಗಂಡನನ್ನು ಮನಸ್ಸಿನಲ್ಲೇ ನೆನೆದುಕೊಂಡರು, ಫೋನ್ ಮಾಡಿ ಹೇಳಲಿಲ್ಲ.

ಮೊದಲ ದಿನ ಅವರು ನದಿ ಸಮುದ್ರಕ್ಕೆ ಸೇರುವ ಜಾಗವನ್ನೇ ಬಿಡಿಸಲು ಕೂತರು. ಮಳೆಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಘಟ್ಟದ ಮಣ್ಣು ಹೊತ್ತು ತಂದ ಶರಾವತಿ ಕೆಂಚಗೆ ಬಂದು ಸಮುದ್ರದೊಳಗೆ ದೂರದವರೆಗೂ ಚಾಚಿಕೊಂಡಿತ್ತು. ಅದರಾಚೆ ನೀರು ಹಸಿರು, ಇನ್ನೂ ಆಚೆ ಸೀಸದ ಬಣ್ಣ. ನೀಲಿ ಎಲ್ಲೂ ಇರಲಿಲ್ಲ. ಸಿದ್ದಗಂಗಮ್ಮ ಹಳದಿಗೆ ಕಂದು ಸೇರಿಸಿ, ಒಂದು ಚೂರು ಹಸಿರು ಬೆರೆಸಿ, ಬಿಳಿ ಹಾಕಿ, ಮತ್ತೆ ಕಂದು ಹಾಕಿ, ಆ ಕೆಸರಿನ ಬಣ್ಣವನ್ನು ಹುಡುಕಿದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಕ್ಯಾನ್ವಾಸಿನ ಮೇಲೆ ನೀರು ಹರಿಯಿತು. ಜೀವಮಾನದಲ್ಲಿ ಅವರು ಮಾಡಿದ ಮೊದಲ ಸರಿಯಾದ ಚಿತ್ರ ಅದು, ಅವರಿಗೇ ಗೊತ್ತಾಯಿತು.

ಅಭಿರಾಮ್ ಹಿಂದೆ ಬಂದು ನಿಂತ. "ಆಂಟಿ, ಇದೇನು ಚರಂಡಿ ನೀರು ಮಾಡ್ಬಿಟ್ರಲ್ಲ" ಎಂದ. ಎಲ್ಲರೂ ನಕ್ಕರು.

"ಅಲ್ಲಿ ಹಂಗೇ ಐತಲ್ಲ ಸಾರ್."

"ಅಲ್ಲಿರೋದನ್ನೇ ಬಿಡಿಸೋದಾದ್ರೆ ಫೋಟೋ ತೆಗೀಬಹುದು. ಜನಕ್ಕೆ ಸಮುದ್ರ ಅಂದ್ರೆ ನೀಲಿ. ಕೊಡಿ ಇಲ್ಲಿ."

ಅವರ ಕೈಯಿಂದ ಬ್ರಷ್ ತೆಗೆದುಕೊಂಡ. ದೊಡ್ಡದಾಗಿ ನೀಲಿ ಹಿಂಡಿ ಕೆಸರು ನೀರಿನ ಮೇಲೆ ಬಳಿದ. ಒಂದು ಬಾಗಿದ ತೆಂಗಿನ ಮರ ಹಾಕಿದ. ಅಲ್ಲಿ ಇಲ್ಲದ ಒಂದು ಹಾಯಿದೋಣಿಯನ್ನೂ ತೇಲಿಸಿದ. ಕೈ ಚಳಕ ಚೆನ್ನಾಗಿತ್ತು, ನೋಡಿದವರು ಆಹಾ ಎಂದರು. "ಈಗ ನೋಡಿ, ಲೈಫ್ ಬಂತು" ಎಂದು ಬ್ರಷ್ ವಾಪಸ್ ಕೊಟ್ಟ. ಸಂಜೆ, ವಾರ್ನಿಷ್ ಮಾಡಿಸಿ ಕೊಡುತ್ತೇನೆಂದು ಮುಗಿದ ಚಿತ್ರಗಳನ್ನೆಲ್ಲ ತನ್ನ ರೂಮಿಗೆ ತರಿಸಿಕೊಂಡ, ಮುಗಿಯದ್ದನ್ನು ಆಮೇಲೆ ಕೊಡಿ ಎಂದ.

ಕಲಿಸುವವನು, ಗುರು ಅಂತ ಸಿದ್ದಗಂಗಮ್ಮ ತಡೆದುಕೊಂಡರು. ಊಟಕ್ಕೆ ಕೂತವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಸಾರ್ ಎಲ್ಲರದ್ದಕ್ಕೂ ಹಂಗೇ ಮಾಡ್ತಾರೆ ಅಮ್ಮಾ, ಬಿಡಿ" ಎಂದಳು ಪಲ್ಲವಿ. ಆ "ಬಿಡಿ" ಅನ್ನುವ ಮಾತಿಗೆ ಅವರಿಗೆ ಇನ್ನಷ್ಟು ಉರಿಯಿತು. ತನ್ನ ಬಸ್ಸಿನಲ್ಲಾಗಿದ್ದರೆ ಹೀಗೆ ಬಿಡುತ್ತಿದ್ದೆನಾ ಎಂದು ತನ್ನ ಮೇಲೇ ಸಿಟ್ಟು ಬಂತು.

ಮಾರನೇ ದಿನ ಅವರು ಹೊಸ ಕ್ಯಾನ್ವಾಸ್ ಇಟ್ಟುಕೊಂಡು ಅದೇ ಜಾಗದಲ್ಲಿ ಅದೇ ನೀರನ್ನು ಬಿಡಿಸತೊಡಗಿದರು. ಅಭಿರಾಮ್ ಬಂದ. ನೋಡಿದ. ನಕ್ಕ. "ಮತ್ತೆ ಚರಂಡಿನಾ" ಎಂದವನೇ ಪಕ್ಕದವರ ಬ್ರಷ್ ಎತ್ತಿಕೊಂಡು, ಕೇಳದೇ, ಚಿತ್ರದ ಮುಂಭಾಗದ ಮರಳಿನ ಮೇಲೆ ಕೊಡ ಹೊತ್ತ ಹೆಂಗಸೊಬ್ಬಳನ್ನು ಬಿಡಿಸಿಬಿಟ್ಟ. ಸಮುದ್ರದ ದಂಡೆಯಲ್ಲಿ ಉಪ್ಪು ನೀರು ಹೊರುವ ಹೆಂಗಸು.

ಸಿದ್ದಗಂಗಮ್ಮ ಎದ್ದು ನಿಂತರು. ತಟ್ಟೆಯಲ್ಲಿದ್ದ ಒದ್ದೆ ಬಟ್ಟೆ ಎಳೆದುಕೊಂಡು ಆ ಹೆಂಗಸನ್ನು ಕೊಡದ ಸಮೇತ ಒರೆಸಿಹಾಕಿದರು. ಬಣ್ಣ ಇನ್ನೂ ಹಸಿಯಾಗಿತ್ತು, ಪೂರ್ತಿ ಬಂತು.

"ನನ್ನ ಚಿತ್ರದ ಮೇಲೆ ಇನ್ನೊಂದ್ಸಲ ಕೈ ಇಟ್ರೆ ಸರಿ ಇರಲ್ಲ" ಎಂದರು.

ಅಭಿರಾಮ್‌ನ ಮುಖ ಕೆಂಪಾಯಿತು. "ನಾನು ತಿದ್ದಬಾರದು ಅಂದ್ರೆ ನೀವು ನನ್ನ ಕ್ಲಾಸ್‌ಗೆ ಯಾಕೆ ಬಂದ್ರಿ?"

"ಕಲಿಯಕ್ಕೆ ಬಂದೆ. ಬಾಯಲ್ಲಿ ಹೇಳಿ, ಬೇರೆ ಹಾಳೆ ಮೇಲೆ ಮಾಡಿ ತೋರ್ಸಿ. ತಪ್ಪಾದ್ರೆ ನಾನು ತಿದ್ಕೋತೀನಿ. ನನ್ನದನ್ನ ಅಳಿಸೋಕೆ ನೀವ್ಯಾರು?"

"ಹಾಗಿದ್ರೆ ನಮ್ಮ ಗುಂಪಿಂದ ಆಚೆ ಕೂತ್ಕೊಳ್ಳಿ. ಈ ಜಾಗ ನಾವು ಕ್ಯಾಂಪ್‌ಗೆ ಬುಕ್ ಮಾಡಿರೋದು."

"ಸಮುದ್ರಕ್ಕೆ ಟಿಕೆಟ್ ಹರಿಯೋನು ನೀನ್ಯಾವನಪ್ಪ" ಎಂದು ಸಿದ್ದಗಂಗಮ್ಮ ಕಬ್ಬಿಣದ ಸ್ಟ್ಯಾಂಡನ್ನು ಹೆಗಲ ಮೇಲೆ ಎತ್ತಿಕೊಂಡು ಹೊರಟರು. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಯಾರೂ ಸಹಾಯಕ್ಕೆ ಬರಲಿಲ್ಲ. ಉಳಿದ ದಿನಗಳನ್ನು ಅವರು ಗಾಳಿಮರಗಳ ತೋಪಿನ ಹತ್ತಿರ ಒಬ್ಬರೇ ಕೂತು ಬಿಡಿಸಿದರು. ಸಿಟ್ಟಿನಲ್ಲಿ ಒಂದೂ ಸರಿಯಾಗಿ ಬರಲಿಲ್ಲ. ದಿಗಂತದ ಗೆರೆ ಕೂಡ ವಾಲಿತು.

ತುಮಕೂರಿಗೆ ವಾಪಸ್ ಬಂದ ಮೇಲೆ ಅವರು ಕ್ಲಾಸಿಗೆ ಹೋಗಲಿಲ್ಲ. ಮೊದಲ ದಿನದ ಚಿತ್ರ ಅಭಿರಾಮ್ ಹತ್ತಿರವೇ ಇತ್ತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಪಲ್ಲವಿಯಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಊರಿನ ಸಭಾಂಗಣವೊಂದರಲ್ಲಿ ಚಿತ್ರಪ್ರದರ್ಶನ. ಗೋಡೆ ಮೇಲೆ ಅವರ ಸಮುದ್ರ, ಅದರ ಮೇಲೆ ಅವನ ನೀಲಿ, ಮೂಲೆಯಲ್ಲಿ ಅಭಿರಾಮ್ ಎಂಬ ಸಹಿ. ಫೋಟೋದ ಜೊತೆಗೆ ಪಲ್ಲವಿ ಒಂದಕ್ಷರವನ್ನೂ ಬರೆದಿರಲಿಲ್ಲ.

ಸಿದ್ದಗಂಗಮ್ಮ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದರು.

ಸಭಾಂಗಣದಲ್ಲಿ ಆಗಷ್ಟೇ ಉದ್ಘಾಟನೆ ಮುಗಿದಿತ್ತು. ಶಾಲು ಹೊದ್ದ ಅತಿಥಿಗಳು ಬಾದಾಮಿ ಹಾಲು ಕುಡಿಯುತ್ತಾ ಚಿತ್ರಗಳನ್ನು ನೋಡುತ್ತಿದ್ದರು. ಕ್ಲಾಸಿನವರೆಲ್ಲ ಬಂದಿದ್ದರು. ಸಿದ್ದಗಂಗಮ್ಮ ನೇರವಾಗಿ ತಮ್ಮ ಚಿತ್ರದ ಮುಂದೆ ಹೋಗಿ ನಿಂತರು. ಮಾರಾಟವಾಗಿದೆ ಎಂದು ಅದರ ಕೆಳಗೆ ಕೆಂಪು ಚುಕ್ಕಿ ಅಂಟಿಸಿದ್ದರು.

"ಇದು ನಂದು" ಎಂದರು. ಮೆಲ್ಲಗೇ ಅಂದರು, ಆದರೆ ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸಿ ಅಭ್ಯಾಸವಾದ ಗಂಟಲು. ಇಡೀ ಹಾಲ್ ತಿರುಗಿ ನೋಡಿತು.

ಅಭಿರಾಮ್ ಓಡಿ ಬಂದ. ಸುಳ್ಳು ಹೇಳುತ್ತಾನೆಂದು ಸಿದ್ದಗಂಗಮ್ಮ ಅಂದುಕೊಂಡಿದ್ದರು. ಅವನು ಹೇಳಲಿಲ್ಲ, ನಗುತ್ತಾ ಸಮಾಧಾನ ಮಾಡಲು ಬಂದ.

"ಆಂಟಿ, ಶುರು ಮಾಡಿದ್ದು ನೀವೇ, ಇಲ್ಲ ಅಂದವರಾರು? ಅದನ್ನ ಚಿತ್ರ ಮಾಡಿದ್ದು ನಾನು. ದೋಣಿ ನಂದು, ಮರ ನಂದು, ಆ ನೀಲಿ ನಂದು. ಕ್ಲಾಸ್‌ನಲ್ಲಿ ಆದ ಕೆಲಸ ಕ್ಲಾಸ್‌ಗೆ ಸೇರುತ್ತೆ. ಎಲ್ಲರೂ ಒಪ್ಪಿದಾರೆ."

"ಯಾರು ಒಪ್ಪಿರೋದು?"

ಅವರು ಗೋಡೆಗಳನ್ನು ಒಂದು ಸುತ್ತು ನೋಡಿದರು. ಆಗ ಗುರುತು ಸಿಕ್ಕಿತು. ಪಲ್ಲವಿ ಹೊನ್ನಾವರದಲ್ಲಿ ಬಿಡಿಸಿದ್ದ ಬಂಡೆಗಳು ಅಲ್ಲಿದ್ದವು. ಅದೇ ಕ್ಲಾಸಿನ ರಿಟೈರ್ಡ್ ಮೇಷ್ಟರು ತಿಮ್ಮರಾಜು ಎರಡು ದಿನ ಕೂತು ಬಿಡಿಸಿದ್ದ ಮೀನಿನ ಬಲೆ ಅಲ್ಲಿತ್ತು. ಎಲ್ಲದರ ಮೂಲೆಯಲ್ಲೂ ಅದೇ ಸಹಿ.

"ಇಲ್ಲಿ ಇನ್ನೂ ಯಾರ್ಯಾರ್ದು ಐತೆ? ಕೈ ಎತ್ತಿ" ಎಂದರು ಸಿದ್ದಗಂಗಮ್ಮ.

ತಿಮ್ಮರಾಜು ಮೇಷ್ಟರು ಲೋಟದೊಳಕ್ಕೆ ನೋಡುತ್ತಾ ನಿಂತರು. ಪಲ್ಲವಿ ಗೋಡೆ ಕಡೆ ಮುಖ ಮಾಡಿದಳು. ಒಂದು ಕೈಯೂ ಮೇಲೆ ಬರಲಿಲ್ಲ. ಅಭಿರಾಮ್ ಮೋಸ ಮಾಡಿದ್ದಕ್ಕಿಂತ ಅದು ಅವರನ್ನು ಹೆಚ್ಚು ಸುಟ್ಟಿತು. ಗೊತ್ತಿದ್ದವರು, ಒಟ್ಟಿಗೆ ಮರಳಲ್ಲಿ ಕೂತು ಉಂಡವರು, ತಮ್ಮದು ಎಂದು ಹೇಳುವ ಬಾಯಿ ಅವರಿಗೇ ಇಲ್ಲ.

ಅವರು ಕೈ ಚಾಚಿ ಚಿತ್ರವನ್ನು ಮೊಳೆಯಿಂದ ಎತ್ತಿ ಇಳಿಸಿಕೊಂಡರು.

"ಆಂಟಿ, ಅದು ಸೇಲ್ ಆಗಿದೆ. ಪೊಲೀಸ್ ಕರೀಬೇಕಾಗುತ್ತೆ."

"ಕರಿ. ನಾನು ಬಸ್‌ಸ್ಟ್ಯಾಂಡಲ್ಲೇ ಇರ್ತೀನಿ, ಹುಡುಕೋ ಕಷ್ಟ ಬೇಡ. ಬಂದವ್ರ ಮುಂದೆ ನೀನೂ ಬಾ, ಯಾವುದು ಯಾರ್ದು ಅಂತ ಒಂದೊಂದಾಗಿ ಹೇಳು."

ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಹೇಳಿದ ಹಾಗೇ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೂ ಕೂತರು. ಹಳೆಯ ಸಹೋದ್ಯೋಗಿಗಳು ಬಂದು ಏನಕ್ಕಾ ಇಲ್ಲಿ ಎಂದು ಕೇಳಿದರೆ, ಪೊಲೀಸ್ನೋರ್ಗೆ ಕಾಯ್ತಿದೀನಿ ಎಂದರು. ಯಾರೂ ಬರಲಿಲ್ಲ. ಎಲ್ಲರ ಚಿತ್ರಗಳ ಕಥೆ ಹೊರಗೆ ಬರುವುದು ಅಭಿರಾಮ್‌ಗೂ ಬೇಕಿರಲಿಲ್ಲ.

ಎರಡು ದಿನ ಬಿಟ್ಟು ಪಲ್ಲವಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಅತ್ತಳು. ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅಭಿರಾಮ್ ಮಾತಾಡುತ್ತೇನೆ ಅಂದಿದ್ದನಂತೆ, ಅದಕ್ಕೇ ಬಾಯಿ ಬಿಡಲಿಲ್ಲವಂತೆ.

"ಅವತ್ತು ನಿನ್ನ ಬಾಯಿ ಎಲ್ಲೋಗಿತ್ತೇ?" ಎಂದರು ಸಿದ್ದಗಂಗಮ್ಮ. "ಫೋಟೋ ಕಳ್ಸಿ ನನ್ನ ಮುಂದಕ್ಕೆ ನೂಕ್ದೆ. ನಾನು ಕಿರುಚ್ಲಿ, ನೀನು ಗೋಡೆ ನೋಡ್ಕೊಂಡಿರ್ತೀಯ. ನಾನೇನು ನಿಮ್ಮೆಲ್ಲರ ಬದ್ಲು ಸಿಟ್ಟು ಮಾಡ್ಕೊಳಕ್ಕೆ ಇರೋಳಾ?"

ಷಡಕ್ಷರಿ ಒಳಗಿನಿಂದ "ಹೋಗ್ಲಿ ಬುಡು, ಚಿಕ್ಕ ಹುಡ್ಗಿ" ಎಂದರು.

"ನೀವು ಸುಮ್ನಿರಿ" ಎಂದರು ಸಿದ್ದಗಂಗಮ್ಮ. ಷಡಕ್ಷರಿ ಎದ್ದು ಹೋಗಿ ಹುಡುಗಿಗೆ ಕಾಫಿ ಇಟ್ಟರು.

ಕಾಫಿ ಕುಡಿದ ಮೇಲೆ ಪಲ್ಲವಿ, "ಅಮ್ಮಾ, ನನ್ನದನ್ನೂ ತಂದುಕೊಡ್ತೀರಾ" ಎಂದು ಕೇಳಿದಳು.

"ಇಲ್ಲ. ನಿಂದು ನೀನೇ ತಗೊಂಬಾ. ಬೇಕಾದ್ರೆ ಬಾಗ್ಲತಂಕ ಬರ್ತೀನಿ, ಒಳಕ್ಕೆ ಬರಲ್ಲ."

ಮಾರನೇ ದಿನ ಇಬ್ಬರೂ ಹೋದರು. ಪ್ರದರ್ಶನದ ಕೊನೆಯ ದಿನ ಅದು. ಸಿದ್ದಗಂಗಮ್ಮ ಗೇಟಿನ ಹೊರಗೆ ಎಳನೀರಿನವನ ಪಕ್ಕ ನಿಂತರು. ಒಳಗಿನಿಂದ ಅಭಿರಾಮ್‌ನ ಜೋರು ದನಿ ಕೇಳಿಸಿತು, ಆಮೇಲೆ ಪಲ್ಲವಿಯದು. ಅವಳ ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. ಒಳಗೆ ಹೋಗಬೇಕೆಂದು ಸಿದ್ದಗಂಗಮ್ಮನ ಕಾಲು ಎರಡು ಸಲ ಎದ್ದಿತು. ಹೋಗಲಿಲ್ಲ, ಗೇಟಿನ ಕಂಬಿ ಹಿಡಿದುಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಪಲ್ಲವಿ ತನ್ನ ಬಂಡೆಗಳ ಚಿತ್ರವನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದಳು. ಅವಳ ಹಿಂದೆ, ತಲೆ ಬಗ್ಗಿಸಿಕೊಂಡು, ತಿಮ್ಮರಾಜು ಮೇಷ್ಟರೂ ತಮ್ಮ ಬಲೆಯ ಚಿತ್ರ ಹಿಡಿದುಕೊಂಡು ಬಂದರು. ಸಿದ್ದಗಂಗಮ್ಮ ಮೇಷ್ಟರ ಹತ್ತಿರ ಮಾತಾಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಪಲ್ಲವಿಗೆ ಆ ಶಾಲೆಯ ಕೆಲಸ ಸಿಗಲಿಲ್ಲ. ಅಭಿರಾಮ್‌ನ ಕ್ಲಾಸು ಈಗಲೂ ನಡೆಯುತ್ತಿದೆ, ಭಾನುವಾರದ ಗುಂಪು ದೇವರಾಯನದುರ್ಗದ ಕಡೆಗೆ ಹೋಗುತ್ತದೆ. ಅವನಿಗೆ ಏನೂ ಆಗಲಿಲ್ಲ ಎಂದು ಯಾರಾದರೂ ಹೇಳಿದರೆ ಸಿದ್ದಗಂಗಮ್ಮ ಹಲ್ಲು ಕಡಿಯುತ್ತಾರೆ.

ಮನೆಗೆ ತಂದ ಚಿತ್ರದಲ್ಲಿ ಆ ನೀಲಿಯೂ ದೋಣಿಯೂ ಹಾಗೇ ಇದ್ದವು. ಒಣಗಿದ ಅಕ್ರಿಲಿಕ್ ನೀರಿಗೆ ಜಗ್ಗುವುದಿಲ್ಲ. ಸಿದ್ದಗಂಗಮ್ಮ ಟೆರೇಸಿನ ಮೇಲೆ ಕೂತು ಮರಳುಕಾಗದ ಹಾಕಿ ಉಜ್ಜಿದರು. ನೀಲಿ ಪುಡಿ ಉದುರಿತು, ಸಹಿ ಹೋಯಿತು, ಅದರ ಜೊತೆಗೇ ಅಡಿಯಲ್ಲಿದ್ದ ಅವರ ಕೆಸರು ಬಣ್ಣವೂ ಉದುರಿಹೋಯಿತು. ಕೊನೆಗೆ ಉಳಿದದ್ದು ಗಾಯ ಮಾಗಿದಂಥ ಬೂದು ಬಟ್ಟೆ. ಅವತ್ತು ಅವರು ಅತ್ತರು. ಷಡಕ್ಷರಿ ಟೆರೇಸಿನ ಮೆಟ್ಟಿಲ ಮೇಲೆ ನಿಂತು ನೋಡಿ, ಹತ್ತಿರ ಬರದೆ ಇಳಿದುಹೋದರು. ಹತ್ತಿರ ಹೋಗಬಾರದ ಹೊತ್ತು ಯಾವುದೆಂದು ಅವರಿಗೆ ಗೊತ್ತಿತ್ತು.

ಮುಂದಿನ ಮಳೆಗಾಲದ ಕೊನೆಗೆ ಸಿದ್ದಗಂಗಮ್ಮ ಆ ಬೂದು ಕ್ಯಾನ್ವಾಸನ್ನೇ ಹಿಡಿದುಕೊಂಡು ಹೊನ್ನಾವರಕ್ಕೆ ಹೋದರು. ಪಲ್ಲವಿ ಬರುತ್ತೇನೆ ಅಂದಳು, ಬೇಡ ಅನ್ನಲಿಲ್ಲ. ಬೆಳಿಗ್ಗೆ ಇಬ್ಬರೂ ನದೀಮುಖದ ಹತ್ತಿರ ದೂರ ದೂರ ಕೂತರು. ಶರಾವತಿ ಕೆಂಚಗೆ ಬರುತ್ತಿತ್ತು, ಆದರೆ ಹೋದ ವರ್ಷದ ಬಣ್ಣ ಅದಲ್ಲ. ಈ ಸಲ ಮಳೆ ಹೆಚ್ಚಾಗಿತ್ತೋ ಏನೋ, ನೀರು ಇನ್ನೂ ಗಾಢವಾಗಿತ್ತು, ಇಟ್ಟಿಗೆ ಪುಡಿ ಕಲಸಿದ ಹಾಗಿತ್ತು. ಅವರು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದ ಬಣ್ಣ ಅಲ್ಲಿ ಇರಲೇ ಇಲ್ಲ.

ಸ್ವಲ್ಪ ಹೊತ್ತು ಅವರು ಬ್ರಷ್ ಎತ್ತದೆ ಕೂತರು. ಆಮೇಲೆ ಕಂದು ಹಿಂಡಿ, ಕೆಂಪು ಸೇರಿಸಿ, ಮೊದಲಿಂದ ಬೆರೆಸತೊಡಗಿದರು. ಬೂದು ಕ್ಯಾನ್ವಾಸಿನ ಮೇಲೆ ಬಳಿದರೆ ಅದು ತೀರಾ ಕೆಂಪಾಯಿತು. ಬಯ್ದುಕೊಂಡು ಒರೆಸಿದರು. ಮತ್ತೆ ಬೆರೆಸಿದರು. ಪ್ರವಾಸಕ್ಕೆ ಬಂದ ಒಬ್ಬಾತ ಹಿಂದೆ ನಿಂತು, "ಮೇಡಂ, ಸ್ವಲ್ಪ ನೀಲಿ ಹಾಕಿದ್ರೆ ಚೆನ್ನಾಗಿರ್ತಿತ್ತು" ಎಂದ.

ಸಿದ್ದಗಂಗಮ್ಮ ತಿರುಗಿ ಅವನನ್ನು ಒಂದು ಸಲ ನೋಡಿದರು. ಆತ ನೋಟ ತಪ್ಪಿಸಿಕೊಂಡು ಅಲೆಗಳ ಕಡೆಗೆ ಹೋದ. ಬೆಳಕು ಆಗಲೇ ಬದಲಾಗಲು ಶುರುವಾಗಿತ್ತು. ಅವರು ಕಣ್ಣು ಅರ್ಧ ಮುಚ್ಚಿಕೊಂಡು ನೀರಿನ ಕಡೆ ನೋಡಿ, ಕತ್ತಲಿದ್ದ ಕಡೆ ಮೊದಲು ಬಳಿದರು.